ನೀರು ಕುಡಿಯದ ಇಟ್ಟಿಗೆ

“ಇಟ್ಟಿಗೆ ಮೇಲಿನ ಗೋಣಿತಾಟು ಒಣಗಬಾರದು ಕಣಮ್ಮ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮೂರು ಹೊತ್ತೂ ನೀರು ಹಾಕು. ಮೂರು ವಾರ ಅಷ್ಟೆ. ಮರೀಬ್ಯಾಡ,” ಎಂದು ಕೃಷ್ಣಪ್ಪ ಸೈಕಲ್ಲಿನ ಹಿಂದೆ ಊಟದ ಡಬ್ಬಿ ಕಟ್ಟಿದ.

“ಮಣ್ಣಿಗೆ ನೀರು ಹಾಕಿದ್ರೆ ಏನ್ಲಾ ಆಗ್ತದೆ? ಕೆಸರಾಗ್ತದೆ,” ಎಂದಳು ತಾಯಿ ಭದ್ರಮ್ಮ.

“ಇದು ಬರೀ ಮಣ್ಣಲ್ಲ. ಸಿಮೆಂಟ್ ಸೇರೈತೆ.”

“ಎಷ್ಟು ಸೇರೈತೆ? ಉಪ್ಪಿನಕಾಯಿಗೆ ಇಂಗು ಹಾಕ್ದಂಗೆ.”

ಕೃಷ್ಣಪ್ಪ ನಕ್ಕು ಸೈಕಲ್ ಹತ್ತಿದ. ಅವನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸದವನು. ಆ ಬೇಸಿಗೆ ಕಾರ್ಖಾನೆಯಲ್ಲಿ ಓಟಿ ಇತ್ತು. ಮುಂಜಾನೆ ಮಾಕಳಿ ಬಿಟ್ಟರೆ ದೀಪ ಹಚ್ಚಿದ ಮೇಲೆ ಬರುತ್ತಿದ್ದ. ಹೆಂಡತಿ ವಸಂತಮ್ಮ ಮಗಳು ಪುಟ್ಟಿಯನ್ನು ಕರೆದುಕೊಂಡು ಲಗ್ಗೆರೆಯ ತವರಿಗೆ ಹೋಗಿದ್ದಳು. ಅವಳ ತಾಯಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ಹೀಗಾಗಿ ಇಟ್ಟಿಗೆ ನೋಡಿಕೊಳ್ಳುವ ಕೆಲಸ ಭದ್ರಮ್ಮನ ಪಾಲಿಗೆ ಬಂತು.

ಮನೆ ಕಟ್ಟುವ ವಿಷಯಕ್ಕೆ ಅಪ್ಪ ಮಗನಿಗೆ ಸಂಕ್ರಾಂತಿಯಿಂದಲೂ ಜಗಳ. ಬೈರಪ್ಪನ ಹೊಲದಲ್ಲಿ ಅರ್ಧಕ್ಕಿಂತ ಹೆಚ್ಚು ಕೈಗಾರಿಕಾ ಪ್ರದೇಶಕ್ಕೆ ಹೋಗಿತ್ತು. ಉಳಿದದ್ದು ಹಳೆಯ ಹೆಂಚಿನ ಮನೆ, ಕೊಟ್ಟಿಗೆ, ಬಾವಿ, ರಸ್ತೆಯ ಕಡೆಗೆ ಒಂದು ಉದ್ದನೆಯ ಪಟ್ಟಿ. ಆ ಪಟ್ಟಿಯಲ್ಲಿ ಸಾಲಾಗಿ ಪುಟ್ಟ ಮನೆಗಳನ್ನು ಕಟ್ಟಬೇಕೆಂದು ಕೃಷ್ಣಪ್ಪನ ಹಟ. ಚಾವಣಿಗೆ ಹಾಸುವ ಒಂದು ಕಲ್ಲು ಚಪ್ಪಡಿಯ ಉದ್ದವೇ ಒಂದು ಮನೆಯ ಅಗಲ. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ. ಎಲ್ಲ ಬಾಗಿಲೂ ಒಂದೇ ಅಳತೆ, ಎಲ್ಲ ಕಿಟಕಿಯೂ ಒಂದೇ ಅಳತೆ. ಎರಡು ಮನೆಗಳ ನಡುವೆ ಒಂದೇ ಗೋಡೆ. ಈಗ ಮೂರು ಕಟ್ಟುವುದು, ಕೈ ಕೂಡಿದಾಗ ಪಕ್ಕಕ್ಕೆ ನಾಲ್ಕನೆಯದನ್ನು ಅಂಟಿಸುವುದು. ಮೊದಲನೆಯದರಲ್ಲಿ ತಾನು, ಉಳಿದವು ಬಾಡಿಗೆಗೆ. ಇಟ್ಟಿಗೆ ಮಾತ್ರ ಗೂಡಿನಲ್ಲಿ ಸುಟ್ಟದ್ದಲ್ಲ. ಸ್ವಂತ ನೆಲದ ಕೆಂಪು ಮಣ್ಣನ್ನು ಜರಡಿ ಹಿಡಿದು, ಮರಳು ಬೆರೆಸಿ, ಸ್ವಲ್ಪ ಸಿಮೆಂಟು ಹಾಕಿ, ಕೈಯಂತ್ರದಲ್ಲಿ ಒತ್ತಿ ತೆಗೆದದ್ದು. ನಗರದ ಒಂದು ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರೊಬ್ಬರು ಭಾನುವಾರಗಳಲ್ಲಿ ಇದನ್ನು ಹೇಳಿಕೊಡುತ್ತಿದ್ದರು. ಯಂತ್ರವನ್ನೂ ಅವರೇ ಎರವಲು ಕೊಟ್ಟಿದ್ದರು.

“ಮಣ್ಣಲ್ಲಿ ಕಟ್ಟೋಕೆ ನಿನಗೆ ಸಂಬಳ ಯಾಕ್ಲಾ ಬೇಕು? ಗೆದ್ದಲು ಪುಕ್ಕಟೆ ಕಟ್ತದೆ,” ಎನ್ನುತ್ತಿದ್ದ ಬೈರಪ್ಪ. “ಸುಟ್ಟ ಇಟ್ಟಿಗೆ ತರ್ಸು, ಇಲ್ಲಾ ಬಿಡು.”

“ಸುಡೋಕೆ ಸೌದೆ ಎಲ್ಲಿಂದ ಬರ್ತದೆ? ಮೂಡಗಡೆ ಹುಣಸೆ ತೋಪು ಏನಾಯ್ತು ಹೇಳಪ್ಪ. ಇಟ್ಟಿಗೆ ಗೂಡಿನವರು ಒಂದೇ ವರ್ಷಕ್ಕೆ ನುಂಗಾಕಿದ್ರು. ಸಿಮೆಂಟು ನೋಡಿದ್ರೆ ಪರ್ಮಿಟ್ ಇಲ್ದೆ ಒಂದು ಮೂಟೇನೂ ಸಿಗಲ್ಲ.”

“ಅದ್ಕೇ ಬಿಡು ಅಂದೆ.”

“ಬಿಡ್ತೀನಿ. ಲಗ್ಗೆರೇಲಿ ಮಾವನ ಮನೆ ಹತ್ರ ಒಂದು ರೂಮು ನೋಡ್ಕೊಂಡು ಹೊಂಟೋಗ್ತೀನಿ.”

ಈ ಮಾತು ಬಂದ ದಿನ ಭದ್ರಮ್ಮ ಮುದ್ದೆ ಕಟ್ಟುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. ಬೈರಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಮಾರನೆಯ ದಿನದಿಂದ ಅವನು ಮಗನಿಗೆ ಅಡ್ಡ ಬರಲಿಲ್ಲ, ಕೆಲಸಕ್ಕೂ ಬರಲಿಲ್ಲ.

ಭದ್ರಮ್ಮ ಹಾಗಲ್ಲ. ಮೊದಲ ಇಟ್ಟಿಗೆಗಳು ಯಂತ್ರದಿಂದ ಬಂದಾಗ ಅವಳೇ ಎರಡು ಕೈಯಲ್ಲಿ ಎತ್ತಿ ಬೇವಿನ ಮರದ ಕೆಳಗೆ ಜೋಡಿಸಿದಳು. ಎಲ್ಲವೂ ಒಂದೇ ಅಚ್ಚು, ಅಂಚು ಚೂಪು, ಚೆಂದ. ಅವುಗಳ ಮೇಲೆ ನೀರು ಸುರಿಯಬೇಕೆಂದಾಗ ಅವಳ ಕೈ ಬರಲಿಲ್ಲ. ಅವಳು ಹುಡುಗಿಯಾಗಿದ್ದಾಗ ತವರಿನಲ್ಲಿ ಜಡಿಮಳೆಗೆ ನೆನೆದ ಮಣ್ಣುಗೋಡೆ ಕುಸಿದು ಅಕ್ಕ ಸತ್ತಿದ್ದಳು. ಗೋಡೆ ಬೀಳುವ ಮುಂಚೆ ಯಾವ ಸದ್ದೂ ಆಗಿರಲಿಲ್ಲ. ಮಣ್ಣು ಒಣಗಿದ್ದರೆ ಗಟ್ಟಿ, ನೆನೆದರೆ ಸಾವು. ಮಣ್ಣಿನ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಯಾರೂ ಕಲಿಸಿಕೊಡಬೇಕಿರಲಿಲ್ಲ.

ಮಗ ಹೊರಟ ಮೇಲೆ ಅವಳು ಗೋಣಿತಾಟುಗಳನ್ನು ತೆಗೆದು ಬೇಲಿಗೆ ಹಾಕುತ್ತಿದ್ದಳು. ಇಟ್ಟಿಗೆಗಳನ್ನು ಬಿಸಿಲಿಗೆ ಎಳೆದು, ಮಧ್ಯಾಹ್ನ ಊಟವಾದ ಮೇಲೆ ಒಂದೊಂದನ್ನೂ ಮಗ್ಗುಲಿಗೆ ತಿರುಗಿಸುತ್ತಿದ್ದಳು, ಸಂಡಿಗೆ ತಿರುವಿದ ಹಾಗೆ. ಹೊತ್ತು ಇಳಿದಾಗ ಮತ್ತೆ ಜೋಡಿಸಿ, ಗೋಣಿತಾಟನ್ನು ಬೇರೆಯಾಗಿ ಬಾನಿಯಲ್ಲಿ ಅದ್ದಿ, ಹಿಂಡಿ, ಮೇಲೆ ಹೊದಿಸುತ್ತಿದ್ದಳು. ಅಷ್ಟು ಇಟ್ಟಿಗೆ ಎತ್ತಿ ಇಳಿಸಿ ಅವಳ ಸೊಂಟ ಹಿಡಿದುಕೊಂಡಿತು. ಹರಳೆಣ್ಣೆ ತಿಕ್ಕಿಕೊಂಡು ಮತ್ತೆ ಎತ್ತಿದಳು.

ಕೃಷ್ಣಪ್ಪ ಬಂದವನೇ ಕತ್ತಲಲ್ಲಿ ಗೋಣಿತಾಟು ಮುಟ್ಟಿ ನೋಡುತ್ತಿದ್ದ. ತಣ್ಣಗೆ ಒದ್ದೆ ಇರುತ್ತಿತ್ತು. ಎತ್ತಿ ನೋಡಲಿಲ್ಲ.

“ಸರಿಯಾಗಿ ನೋಡ್ಕೊತಿದ್ದೀಯ ಕಣಮ್ಮ,” ಎಂದ ಒಂದು ದಿನ ಉಪ್ಸಾರಿಗೆ ಮುದ್ದೆ ಮುರಿಯುತ್ತಾ.

“ಕಬ್ಬಿಣದಂಗೆ ಆಗವೆ. ಬೆರಳಲ್ಲಿ ತಟ್ಟಿದ್ರೆ ಠಣ್ ಅಂತವೆ,” ಎಂದಳು ಭದ್ರಮ್ಮ. ಅದು ಸುಳ್ಳಾಗಿರಲಿಲ್ಲ.

ಯುಗಾದಿಗೆ ವಸಂತಮ್ಮ ಬಂದಳು. ಅಷ್ಟರಲ್ಲಿ ಮೊದಲ ಕಂತಿನ ಇಟ್ಟಿಗೆ ಮುಗಿದಿತ್ತು. ಮುಂದಿನ ಕಂತುಗಳಿಗೆ ನೀರು ಹಾಕುವ ಕೆಲಸವನ್ನು ಅವಳು ತೆಗೆದುಕೊಂಡಳು. ಬಾವಿಯಿಂದ ಸೇದಿ ಸೇದಿ ಕೊಡಗಟ್ಟಲೆ ಸುರಿಯುತ್ತಿದ್ದಳು. ಭದ್ರಮ್ಮ ಜಗಲಿಯ ಮೇಲೆ ಕೂತು, “ಸಾಕು ಬಿಡೇ, ಬಾವಿ ಬತ್ತೋಗ್ತದೆ,” ಎನ್ನುತ್ತಿದ್ದಳು. ಸೊಸೆ ಗಂಡ ಹೇಳಿದ್ದನ್ನು ಮಾತ್ರ ಕೇಳುವವಳು, ನಿಲ್ಲಿಸಲಿಲ್ಲ.

ಕಲ್ಲಿನ ತಳಪಾಯದ ಮೇಲೆ ಗೋಡೆಗಳು ಎದ್ದವು. ಮೊದಲು ಮಾಡಿದ ಇಟ್ಟಿಗೆ ಮೊದಲು ಹೋಯಿತು. ಹೀಗೆ ಭದ್ರಮ್ಮ ಒಣಗಿಸಿದ್ದೆಲ್ಲ ಮೊದಲನೆಯ ಮನೆಯ ಗೋಡೆಗಳಿಗೆ, ಕಿಟಕಿಯ ಮಟ್ಟದವರೆಗೆ ಸೇರಿತು. ಅದರ ಮೇಲಿನ ಇಟ್ಟಿಗೆ ವರಸೆಗಳು ವಸಂತಮ್ಮನ ಕಂತಿನವು. ವೈಶಾಖದಲ್ಲಿ ಕಲ್ಲು ಕೆಲಸದವರು ಬಂದು ಏಲೇಲೋ ಎಂದು ಕೂಗಿಕೊಳ್ಳುತ್ತಾ ಚಪ್ಪಡಿಗಳನ್ನು ಏರಿಸಿದರು. ಒಂದೊಂದು ಚಪ್ಪಡಿಗೂ ಆರಾಳು ಬೇಕಾಯಿತು. ಬೈರಪ್ಪ ಅವತ್ತು ಮಾತ್ರ ಬಂದು ದೂರದಲ್ಲಿ ನಿಂತು ನೋಡಿದ.

“ನಿಂತೈತೆ,” ಎಂದ ಕೊನೆಗೆ.

ಅಪ್ಪನ ಬಾಯಿಂದ ಬಂದ ಆ ಒಂದು ಮಾತಿಗೆ ಕೃಷ್ಣಪ್ಪ ಇಡೀ ವಾರ ಹಗುರವಾಗಿ ಓಡಾಡಿದ.

ಮೇಷ್ಟ್ರು ಮನೆ ನೋಡಲು ಬಂದದ್ದು ಅದಾದ ಮೇಲೆ. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದರು. ವಸಂತಮ್ಮ ಸೆರಗು ಸರಿಮಾಡಿಕೊಂಡು ಕೇಳಿದಳು:

“ಅಷ್ಟೊಂದು ನೀರು ಯಾಕೆ ಹಾಕ್ಬೇಕು ಸಾರ್? ನನ್ನ ಕೈ ಬೊಬ್ಬೆ ಬಂದೋಯ್ತು.”

“ಸಿಮೆಂಟು ಒಣಗಿ ಗಟ್ಟಿಯಾಗೋ ವಸ್ತು ಅಲ್ಲಮ್ಮ,” ಎಂದರು ಮೇಷ್ಟ್ರು. “ನೀರು ಕುಡಿದು ಗಟ್ಟಿಯಾಗೋದು. ಕುಡಿಯೋಕೆ ನೀರು ಸಿಗದಿದ್ರೆ ಅದು ಸತ್ತ ಹಾಗೆ. ಆಮೇಲೆ ಎಷ್ಟು ಸುರಿದ್ರೂ ಬದುಕೋದಿಲ್ಲ.”

“ಅಂಥ ಇಟ್ಟಿಗೆ ನೋಡಿದ್ರೆ ಗೊತ್ತಾಗ್ತದಾ ಸಾರ್?”

“ಇಲ್ಲ. ಒಣಗಿದ್ದಾಗ ಎರಡೂ ಒಂದೇ ಥರ, ಎರಡೂ ಗಟ್ಟಿ. ನೆನೆದಾಗ ಗೊತ್ತಾಗುತ್ತೆ.”

ಬಾಗಿಲ ಮರೆಯಲ್ಲಿ ನಿಂತಿದ್ದ ಭದ್ರಮ್ಮ ಮಜ್ಜಿಗೆ ಚೊಂಬನ್ನು ಕೆಳಗಿಟ್ಟಳು.

ಮೇಷ್ಟ್ರು ಹೋದ ಮೇಲೆ ಅವಳು ಕೊಟ್ಟಿಗೆಗೆ ಹೋದಳು. ಗೂಟದ ಬುಡಕ್ಕೆ ಆಸರೆಯಾಗಿ ಇಟ್ಟಿದ್ದ ಒಂದು ಇಟ್ಟಿಗೆ ಅವಳ ಕಂತಿನದು. ನಾಲ್ಕನೆಯ ಮನೆಗೆಂದು ಬೇವಿನ ಕೆಳಗೆ ಉಳಿಸಿದ್ದ ರಾಶಿಯಿಂದ ಸೊಸೆಯ ಕಂತಿನದೊಂದನ್ನು ತಂದಳು. ಎರಡನ್ನೂ ಕಲಗಚ್ಚಿನ ಬಾನಿಯಲ್ಲಿ ಮುಳುಗಿಸಿ ಮೇಲೆ ಹುಲ್ಲು ಮುಚ್ಚಿದಳು. ಮಾರನೆಯ ದಿನ ಹಾಲು ಕರೆದ ಮೇಲೆ ತೆಗೆದು ನೋಡಿದಳು. ಸೊಸೆಯದು ಹಾಗೆಯೇ ಇತ್ತು, ಉಗುರು ಊರಲಿಲ್ಲ. ತನ್ನದನ್ನು ಎತ್ತುವಾಗಲೇ ಮೂಲೆಯೊಂದು ಕಳಚಿ ನೀರಿಗೆ ಬಿತ್ತು. ಹೆಬ್ಬೆರಳು ಒತ್ತಿದಳು. ಬೆರಳು ಕಳಿತ ಸೀಬೆಹಣ್ಣಿನೊಳಗೆ ಹೋದ ಹಾಗೆ ಒಳಗೆ ಹೋಯಿತು.

ಅವಳು ಆ ಕೆಸರನ್ನು ತಿಪ್ಪೆಗೆ ಎರಚಿ, ಬಾನಿ ತೊಳೆದು, ಎಂದಿನಂತೆ ಮುದ್ದೆಗೆ ಎಸರಿಟ್ಟಳು.

ಅವತ್ತು ಸಂಜೆ ಮಗನಿಗೆ ಕೇಳಿದಳು: “ಗೋಡೆಗೆ ಹೊರಗಡೆ ಗಾರೆ ಮಾಡ್ಸಾನ ಕಣೋ.”

“ಗಾರೆ ಬೇಡ ಅಂತಾನೇ ಈ ಇಟ್ಟಿಗೆ ಮಾಡಿದ್ದು. ಸಿಮೆಂಟ್ ಎಲ್ಲಿಂದ ತರ್ಲಿ?”

“ಮಳೆ ಬಡೀತದೆ. ಚಪ್ಪಡಿ ಗೋಡೆ ಅಂಚಿಗೇ ನಿಂತೈತೆ, ಸೂರೇ ಇಲ್ಲ.”

“ಮಳೆ ಬಡೀಲಿ ಅಮ್ಮ. ಅದಕ್ಕೇನೂ ಆಗಲ್ಲ. ಮೇಷ್ಟ್ರು ಹೇಳಿದ್ದು ಕೇಳ್ಲಿಲ್ವಾ?”

ಭದ್ರಮ್ಮ ಬಾಯಿ ತೆರೆದಳು. ಜಗಲಿಯಲ್ಲಿ ಬೈರಪ್ಪ ಬೀಡಿ ಹಚ್ಚಿಕೊಂಡು ಕೆಮ್ಮಿದ. ಈಗ ಹೇಳಿದರೆ, ನಾನು ಹೇಳಲಿಲ್ಲವಾ ಎಂದು ಅವನು ಎದ್ದು ಬರುತ್ತಾನೆ. ಮಗ ಲಗ್ಗೆರೆಗೆ ಹೋಗುತ್ತಾನೆ. ಪುಟ್ಟಿಯನ್ನೂ ಕರೆದುಕೊಂಡು ಹೋಗುತ್ತಾನೆ. ಅವಳು ಬಾಯಿ ಮುಚ್ಚಿದಳು.

ಜ್ಯೇಷ್ಠದಲ್ಲಿ, ಮೂರರಲ್ಲಿ ನಡುವಿನ ಮನೆಗೆ ಬಾಡಿಗೆಗೆ ಜನ ಬಂದರು. ನಲ್ಲಪ್ಪ ಮಾಕಳಿಯ ಬಳಿಯ ಒಂದು ಕಾರ್ಖಾನೆಯಲ್ಲಿ ವೆಲ್ಡರ್. ಅವನ ಹೆಂಡತಿ ರಾಮಕ್ಕನಿಗೆ ಐದು ತಿಂಗಳು. ಮೊದಲನೆಯ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ರಾಮಕ್ಕ ಚಾಪೆ ಹಾಸಿದ್ದು ಆ ಗೋಡೆಯ ಪಕ್ಕದಲ್ಲೇ.

“ಉತ್ತರಕ್ಕೆ ತಲೆ ಹಾಕ್ಬಾರದು ಕಣಮ್ಮ, ಬಸುರಿ ಹೆಂಗ್ಸು,” ಎಂದು ಭದ್ರಮ್ಮ ತಾನೇ ಹೋಗಿ ಚಾಪೆಯನ್ನು ಆಚೆ ಗೋಡೆಗೆ ಎಳೆದಳು. “ಈ ಕಡೆ ಮಲಕ್ಕೊ. ಟ್ರಂಕು ಬೇಕಾದ್ರೆ ಅಲ್ಲಿಡು.”

“ಎಷ್ಟು ಒಳ್ಳೇವರು ನಿಮ್ಮತ್ತೆ,” ಎಂದಳು ರಾಮಕ್ಕ ವಸಂತಮ್ಮನಿಗೆ. ಅಂದಿನಿಂದ ಅವಳ ಮನೆಗೆ ದಿನವೂ ಒಂದು ಬಟ್ಟಲು ಸಾರು ಹೋಗುತ್ತಿತ್ತು.

ಆಷಾಢದಲ್ಲಿ ಹೊಸಮನೆಗೆ ಹೋಗುವ ಹಾಗಿಲ್ಲ. ಆ ತಿಂಗಳು ಭದ್ರಮ್ಮನಿಗೆ ಉಸಿರಾಡಲು ಸಿಕ್ಕಿತು. ಮೊದಲನೆಯ ಮನೆಯ ಸುತ್ತ ಅವಳು ಗುದ್ದಲಿ ಹಿಡಿದು ಚರಂಡಿ ತೋಡಿದಳು. ಗೋಡೆಯ ಬುಡಕ್ಕೆ ಕೆಮ್ಮಣ್ಣು ಸಗಣಿ ಕಲಸಿ ದಪ್ಪಗೆ ಬಳಿದಳು. ಸೋನೆಗೆ ಅದು ತೊಳೆದು ಹೋಯಿತು, ಮತ್ತೆ ಬಳಿದಳು.

“ಚೆಂದದ ಗೋಡೆಗೆ ಯಾಕತ್ತೆ ಸಗಣಿ ಬಳಿತೀರ?” ಎಂದಳು ವಸಂತಮ್ಮ.

“ಲಕ್ಷಣ ಇರ್ಲಿ ಅಂತ.”

“ಲಕ್ಷಣಾನಾ? ನಿಮ್ಮ ಮಗ ನೋಡಿದ್ರೆ ಬೈತಾರೆ.”

“ಬೈಲಿ ಬಿಡು. ನಾನು ಹೆತ್ತೋಳು, ಅವನು ಬೈದ್ರೆ ಸವೆದೋಗ್ತೀನಾ?”

ಶ್ರಾವಣ ಹುಟ್ಟಿತು. ಪುರೋಹಿತರು ದಿನ ಇಟ್ಟುಕೊಟ್ಟರು. ಭದ್ರಮ್ಮ ಆ ದಿನ ಬೇಡ ಎಂದಳು. ಹಸು ಕರು ಹಾಕುವ ಹೊತ್ತು, ಮನೆಯಲ್ಲಿ ಜನ ಬೇಕು. ಕರು ಹಾಕಿತು. ಮತ್ತೊಂದು ದಿನ ಬೇಡ ಎಂದಳು. ಕನಸಿನಲ್ಲಿ ಮುನೇಶ್ವರ ಬಂದು ತಲೆ ಅಲ್ಲಾಡಿಸಿದನಂತೆ. ಮೂರನೆಯ ಸಲ ಹಲ್ಲಿ ಲೊಚಗುಟ್ಟಿತು ಎಂದಾಗ ವಸಂತಮ್ಮ ಸಾರಿನ ಸೌಟನ್ನು ಪಾತ್ರೆಗೆ ಎತ್ತಿ ಹಾಕಿದಳು.

“ಇದ್ದಿದ್ದು ಇದ್ದಂಗೆ ಹೇಳ್ಬಿಡಿ ಅತ್ತೆ. ನಾನು ಬ್ಯಾರೆ ಒಲೆ ಹಚ್ಚೋದು ನಿಮಗೆ ಇಷ್ಟ ಇಲ್ಲ.”

“ಅಂಗಂದ್ನಾ ನಾನು?”

“ಅನ್ನೋದ್ಯಾಕೆ? ಆರು ವರ್ಷದಿಂದ ನಿಮ್ಮ ಒಲೆ ಊದ್ತಾ ಇದ್ದೀನಿ. ಇಪ್ಪತ್ತು ಹೆಜ್ಜೆ ಆಚೆ ಹೋದ್ರೆ ಸೊಸೆ ಕೈ ತಪ್ಪೋಗ್ತಾಳೆ ಅಂತ ಭಯ ನಿಮಗೆ.”

“ನನ್ನ ಭಯ ನಿನಗೇನೇ ಗೊತ್ತು?”

“ಗೊತ್ತಾಗೋಂಗೆ ಹೇಳಿ ಮತ್ತೆ!”

ಭದ್ರಮ್ಮ ಚೆಲ್ಲಿದ ಸಾರನ್ನು ಒರೆಸಿದಳು. ಬೈರಪ್ಪ ತಟ್ಟೆ ಮುಂದೆ ಕೂತು, “ಇಬ್ರೂ ಕಿತ್ತಾಡ್ಕೊಳಿ, ನಂಗೆ ಇನ್ನೊಂದು ಮುದ್ದೆ ಹಾಕಿ ಕಿತ್ತಾಡ್ಕೊಳಿ,” ಎಂದ. ಕೃಷ್ಣಪ್ಪ ಯಾರ ಕಡೆಗೂ ನೋಡದೆ ಹೇಳಿದ: “ಈ ಶುಕ್ರವಾರ ಹಾಲು ಉಕ್ಸೋದು. ಬರೋರು ಬರ್ಲಿ.”

ಶುಕ್ರವಾರ ಹಾಲು ಉಕ್ಕಿತು. ಪುಟ್ಟಿ ಹೊಸ ನೆಲದ ಮೇಲೆ ಕುಣಿದಳು. ಭದ್ರಮ್ಮ ಹೊಸ್ತಿಲಿಗೆ ಅರಿಸಿನ ಹಚ್ಚಿ ಒಳಗೆ ಹೋದವಳು ತಲೆ ಎತ್ತಿ ಚಪ್ಪಡಿಗಳನ್ನು ನೋಡಿ ಹೊರಗೆ ಬಂದಳು. ತನ್ನ ಪಾಲಿನ ಪಾಯಸವನ್ನು ಪುಟ್ಟಿಗೆ ಹಾಕಿದಳು.

ಅಂದಿನಿಂದ ಆಕಾಶ ನೋಡುವುದೇ ಅವಳ ಕೆಲಸವಾಯಿತು. ಹಗಲೆಲ್ಲ ಏನಾದರೂ ನೆವ ಹೇಳಿ ಪುಟ್ಟಿಯನ್ನು ಹಳೆಯ ಮನೆಗೆ ಕರೆತರುತ್ತಿದ್ದಳು: ಕರು ನೋಡು ಬಾ, ಜೋಳ ಸುಟ್ಟಿದ್ದೀನಿ ಬಾ. ಮಘೆ ಮಳೆ ಅಲ್ಲಷ್ಟು ಇಲ್ಲಷ್ಟು ಹನಿಸಿ ಹೋಯಿತು. ಬೈರಪ್ಪ ರಾಗಿ ಒಣಗುತ್ತದೆ ಎಂದು ಗೊಣಗಿದ. ಭದ್ರಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಬೇಸಾಯದ ಮನೆಯಲ್ಲಿ ಹುಟ್ಟಿ, ಮಳೆ ಬೇಡ ಎಂದು ಕೈ ಮುಗಿದದ್ದು ಅವಳು ಅದೇ ಮೊದಲು.

ಹುಬ್ಬೆ ಮಳೆ ಹಿಡಿದದ್ದು ಬಿಡಲಿಲ್ಲ. ಮೂಡಗಾಳಿಯ ಜೊತೆ ಓರೆಯಾಗಿ ಬಂದು ಗೋಡೆಗಳಿಗೇ ಬಡಿಯಿತು. ಎರಡು ದಿನ ಬಡಿದ ಮೇಲೆ, ಕೃಷ್ಣಪ್ಪ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಕಾರ್ಖಾನೆಗೆ ಹೋದ ಬೆಳಿಗ್ಗೆ, ಭದ್ರಮ್ಮ ತೊಯ್ಯುತ್ತಾ ಹೊಸಮನೆಯ ಹಿಂಭಾಗಕ್ಕೆ ಬಂದಳು. ಅವಳು ಬಳಿದ ಸಗಣಿ ಒಂದು ಚೂರೂ ಉಳಿದಿರಲಿಲ್ಲ. ಬುಡದ ವರಸೆಗಳು ಕಪ್ಪಗೆ ತಿರುಗಿದ್ದವು. ಚರಂಡಿಯಲ್ಲಿ ಹರಿಯುವ ನೀರು ಕೆಂಪಗಿತ್ತು. ಹೊಲದ ನೀರೂ ಕೆಂಪಗೇ ಇರುತ್ತದೆ. ಆದರೆ ಈ ನೀರು ಗೋಡೆಯಿಂದ ಇಳಿಯುತ್ತಿತ್ತು.

ಅವಳು ಓಡಿದಳು. ಒಳಗೆ ವಸಂತಮ್ಮ ರೊಟ್ಟಿ ತಟ್ಟುತ್ತಿದ್ದಳು. ಪುಟ್ಟಿ ಗೋಡೆಯ ಪಕ್ಕ ಕಂಬಳಿ ಹೊದ್ದು ಮಲಗಿದ್ದಳು. ಭದ್ರಮ್ಮ ಕಂಬಳಿಯ ಸಮೇತ ಮಗುವನ್ನು ಎತ್ತಿಕೊಂಡಳು.

“ಆಚೆ ನಡಿ!”

“ಏನಾಯ್ತು ಅತ್ತೆ? ಹಾವಾ?”

“ನಡಿಯೇ ಆಚೆ! ಒಲೆ ಬಿಡು, ನಡಿ!”

ಹಳೆಯ ಮನೆಯ ಜಗಲಿ ಮುಟ್ಟಿದ ಮೇಲೆ ವಸಂತಮ್ಮನಿಗೆ ಸಿಟ್ಟು ಬಂತು. ಕೈಯಲ್ಲಿ ಹಿಟ್ಟು, ಮೈಯೆಲ್ಲ ಒದ್ದೆ. “ಇವತ್ತು ಯಾವ ದೇವ್ರು ಬಂದು ಹೇಳಿದ್ದು?”

“ಆ ಗೋಡೆ ಬೀಳ್ತದೆ,” ಎಂದಳು ಭದ್ರಮ್ಮ. “ನಾನು ನೀರು ಹಾಕ್ಲಿಲ್ಲ. ನೀನು ಲಗ್ಗೆರೇಲಿದ್ದಾಗ. ಬಿಸಿಲಿಗೆ ಹಾಕಿ ಒಣಗ್ಸಿದೆ. ಬರೀ ಗೋಣಿತಾಟು ನೆನೆಸಿ ಹೊದಿಸ್ದೆ. ಕೆಳಗಡೆ ಇರೋವೆಲ್ಲ ನನ್ನ ಇಟ್ಟಿಗೆ.”

ವಸಂತಮ್ಮ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಮಳೆಗೆ ಇಳಿದು ಹೋದಳು. ಹೊಸಮನೆಯ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳು ಒತ್ತಿದಳು. ತಿರುಗಿ ಬಂದಾಗ ಅವಳ ಹೆಬ್ಬೆರಳು ಗಂಟಿನವರೆಗೆ ಕೆಂಪಾಗಿತ್ತು.

“ಅತ್ತೆ, ರಾಮಕ್ಕ,” ಎಂದಳು.

ಭದ್ರಮ್ಮ ಕೂತಲ್ಲೇ ಕಣ್ಣು ಮುಚ್ಚಿದಳು. ವಸಂತಮ್ಮ ತಾನೇ ಹೋಗಿ ರಾಮಕ್ಕನನ್ನು ಕೈ ಹಿಡಿದು ನಡೆಸಿಕೊಂಡು ಬಂದಳು. ದಾರಿಯಲ್ಲೇ ಎಲ್ಲವನ್ನೂ ಹೇಳಿದ್ದಳು. ಈಗ ಎಂಟು ತಿಂಗಳ ಹೊಟ್ಟೆ. ರಾಮಕ್ಕ ಜಗಲಿ ಹತ್ತಲಿಲ್ಲ, ಸೂರಿನ ಕೆಳಗೆ ನಿಂತಳು.

“ಉತ್ತರ ದಿಕ್ಕು ಅಂದ್ರಲ್ಲಕ್ಕ ನೀವು,” ಎಂದಳು. “ನಿಮ್ಮ ಮೊಮ್ಮಗಳನ್ನ ಎತ್ಕೊಂಡು ಓಡಿ ಬಂದ್ರಿ. ನಾನು ಮೂರು ತಿಂಗಳಿಂದ ಆ ಗೋಡೆ ಮಗ್ಗುಲ ಮನೇಲೇ ಮಲಗ್ತಿದ್ದೀನಿ. ನಿಮ್ಮ ಕೈ ಸಾರು ಉಣ್ಕೊಂಡು.”

ಭದ್ರಮ್ಮ ಎದ್ದು ಅವಳಿಗೆ ಚಾಪೆ ಹಾಸಿದಳು.

ಒಳಗೆ ಕೂತಿದ್ದ ಬೈರಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಎದ್ದು ಬಂದು ಹೆಂಡತಿಯನ್ನು ನೋಡಿದ. ಅವಳು ಕಾಯುತ್ತಿದ್ದ ಮಾತನ್ನು ಆಡಲಿಲ್ಲ. ಕೊಡಲಿ ತೆಗೆದುಕೊಂಡು ಬದುವಿನ ಮೇಲಿದ್ದ ನೀಲಗಿರಿ ಮರಗಳ ಕಡೆಗೆ ನಡೆದ. ಮಧ್ಯಾಹ್ನದ ಹೊತ್ತಿಗೆ ಗಳುಗಳನ್ನು ಕಡಿದು, ಎತ್ತಿನಲ್ಲಿ ಎಳೆಸಿ ತಂದು, ಮನೆಯೊಳಗೆ ಹೊಕ್ಕು ಒಂದೊಂದು ಚಪ್ಪಡಿಯ ಅಡಿಗೂ ಗಳು ನಿಲ್ಲಿಸತೊಡಗಿದ.

“ಬ್ಯಾಡ ಕಣ್ರೀ, ಈಚೆ ಬನ್ನಿ!” ಎಂದು ಭದ್ರಮ್ಮ ಹೊರಗಿನಿಂದ ಕೂಗಿದಳು.

“ನೀನು ಸುಮ್ಕೆ ನಿಂತ್ಕೊ. ಇಷ್ಟು ದಿನ ಸುಮ್ಕಿದ್ದಲ್ಲ, ಇನ್ನೊಂದು ಗಳಿಗೆ ಇರು,” ಎಂದ ಬೈರಪ್ಪ ಒಳಗಿನಿಂದ. “ವಸಂತಾ, ಆ ಕವೆಗೋಲು ಕೊಡವ್ವ.”

“ಮಾವ, ಸಾಕು ಬನ್ನಿ,” ಎಂದಳು ವಸಂತಮ್ಮ. ಕವೆಗೋಲನ್ನು ಬಾಗಿಲಿನಿಂದಲೇ ಕೈ ಚಾಚಿ ಕೊಟ್ಟಳು.

ಕೊನೆಯ ಗಳುವನ್ನು ಬೆಣೆ ಹೊಡೆದು ಬಿಗಿಮಾಡಿ ಅವನು ಹೊರಗೆ ಬಂದ. ಎಲ್ಲರೂ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಮುದ್ದೆ ಮಾಡಿದ್ದರೂ ಯಾರೂ ಉಣ್ಣಲಿಲ್ಲ. ಮೂರು ಗಂಟೆಯ ಸೈರನ್ ಕೂಗಿದ ಸ್ವಲ್ಪ ಹೊತ್ತಿಗೆ ಹಿಂದಿನ ಗೋಡೆಯ ಬುಡ ಹೊರಕ್ಕೆ ಉಬ್ಬಿತು, ಹೊಟ್ಟೆ ಬಂದ ಹಾಗೆ. ಆಮೇಲೆ ಮೆಲ್ಲಗೆ ಕೂತಿತು. ಮೇಲಿನ ವರಸೆಗಳು ಇಡಿಯಾಗಿ ಜಾರಿ ಅದರ ಮೇಲೆ ಬಿದ್ದವು. ಒಂದು ಚಪ್ಪಡಿ ವಾಲಿ ಅಡುಗೆಮನೆಯೊಳಗೆ ಇಳಿದು ಎರಡಾಯಿತು. ಉಳಿದವು ಗಳುಗಳ ಮೇಲೆ ನಿಂತವು. ಭದ್ರಮ್ಮ ಕಿವಿಗೊಟ್ಟು ಕೇಳುತ್ತಿದ್ದಳು. ಬೀಳುವ ಮುಂಚೆ ಅದೂ ಸದ್ದು ಮಾಡಲಿಲ್ಲ.

ಬಿದ್ದ ಚಪ್ಪಡಿಯ ಕೆಳಗೆ ರೊಟ್ಟಿಯ ಹಂಚು ಇತ್ತು.

ಕೃಷ್ಣಪ್ಪ ಸಂಜೆ ಬಂದ. ವಸಂತಮ್ಮ ಹೇಳಿದಳು. ಅವನು ಕೊಪ್ಪೆ ತೆಗೆಯದೆ ಬಿದ್ದ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದ. ಜಗಲಿಗೆ ಬಂದು ಮಂಡಿಯ ಮೇಲೆ ಕೈಯಿಟ್ಟು ಕೂತ. “ಗೋಣಿತಾಟು ಎತ್ತಿ ನೋಡ್ಬೇಕಾಗಿತ್ತು ನಾನು,” ಎಂದ. ಯಾರಿಗೂ ಹೇಳಿದ್ದಲ್ಲ. ತಾಯಿಯ ಕಡೆಗೆ ನೋಡಲಿಲ್ಲ.

ಆ ವಾರಗಳಲ್ಲಿ ಹಳೆಯ ಮನೆ ತುಂಬಿತು. ರಾಮಕ್ಕನೂ ನಲ್ಲಪ್ಪನೂ ಅಲ್ಲೇ. ರಾಮಕ್ಕ ತನ್ನದೇ ಸೀಮೆಎಣ್ಣೆ ಸ್ಟೌವಿನಲ್ಲಿ ಅನ್ನ ಮಾಡಿಕೊಂಡು ಉಣ್ಣುತ್ತಿದ್ದಳು. ಭದ್ರಮ್ಮ ಬಟ್ಟಲು ಮುಂದಿಟ್ಟರೆ ಮುಟ್ಟುತ್ತಿರಲಿಲ್ಲ. ಕೃಷ್ಣಪ್ಪ ತಾಯಿಯೊಂದಿಗೆ ನೇರವಾಗಿ ಮಾತಾಡುವುದನ್ನು ಬಿಟ್ಟ.

“ಪುಟ್ಟಿ, ನಿಮ್ಮಜ್ಜಿಗೆ ಹೇಳು, ಸಾರಿಗೆ ಉಪ್ಪು ಜಾಸ್ತಿ ಆಗೈತೆ.”

“ಅಜ್ಜಿ, ಉಪ್ಪು ಜಾಸ್ತಿಯಂತೆ.”

“ನಿಮ್ಮಪ್ಪನಿಗೆ ಹೇಳು, ಇನ್ನೊಂದು ಸೌಟು ಬಿಸಿನೀರು ಹಾಕ್ಲಾ ಅಂತ.”

“ಅಪ್ಪ, ಬಿಸಿನೀರಂತೆ.”

ಬೈರಪ್ಪ ಒಂದು ದಿನ ರೇಗಿದ. “ಅಂಚೆ ಕಚೇರಿ ಮಾಡ್ಕೊಂಡವ್ರೆ ಮಗೂನ!”

ಲಗ್ಗೆರೆಯಲ್ಲಿ ಒಂದು ರೂಮು ಖಾಲಿಯಾಗುತ್ತಿದೆ ಎಂದು ವಸಂತಮ್ಮನ ಅಣ್ಣ ಮುನಿಯಣ್ಣ ಸುದ್ದಿ ತಂದ. ಸುಟ್ಟ ಇಟ್ಟಿಗೆಯ ಗೋಡೆ, ಆರ್‌ಸಿಸಿ ತಾರಸಿ. ಕೃಷ್ಣಪ್ಪ ಹೋಗಿ ನೋಡಿ ಬಂದ. ದೀಪಾವಳಿ ಹಬ್ಬದವರೆಗೆ ಟೈಮು ಕೇಳಿದ್ದೀನಿ ಎಂದು ಹೆಂಡತಿಗೆ ಹೇಳುತ್ತಿದ್ದುದು ಒಲೆಯ ಮುಂದಿದ್ದ ಭದ್ರಮ್ಮನಿಗೆ ಕೇಳಿಸಿತು. ಅವಳು ಸೌದೆ ಮುಂದಕ್ಕೆ ತಳ್ಳಿದಳು.

ಹಸ್ತದ ಮಳೆಯ ಬಿಡುವಿನಲ್ಲಿ ಕಲ್ಲು ಕೆಲಸದವರು ಬಂದು ಚಪ್ಪಡಿಗಳನ್ನು ಇಳಿಸಿದರು. ಕೃಷ್ಣಪ್ಪ ಗಾರೆಯವನ ಜೊತೆ ಸೇರಿ ಮೊದಲನೆಯ ಮನೆಯ ಗೋಡೆಗಳನ್ನು ಬುಡದವರೆಗೂ ಬಿಚ್ಚಿದ. ನಾಲ್ಕನೆಯ ಮನೆಗೆಂದು ಇಟ್ಟಿದ್ದ ಇಟ್ಟಿಗೆಯ ರಾಶಿ ಪೂರ್ತಿ ಇದಕ್ಕೆ ಹೋಯಿತು. ಆ ಒಂದೊಂದು ಇಟ್ಟಿಗೆಯನ್ನೂ ನೀರಲ್ಲಿ ಅದ್ದಿ, ಮೊಳೆಯಲ್ಲಿ ಗೀರಿ, ಆಮೇಲೆ ಇಟ್ಟ. ವಸಂತಮ್ಮನ ಕಂತಿನವು, ಒಂದೂ ಸೋಲಲಿಲ್ಲ. ಆದರೂ ಅದ್ದುವುದನ್ನು, ಗೀರುವುದನ್ನು ಅವನು ಬಿಡಲಿಲ್ಲ. ಈ ಸಲ ಚಪ್ಪಡಿಗಳನ್ನು ಗೋಡೆಯಿಂದ ಆಚೆಗೆ ಒಂದು ಮೊಳ ಚಾಚಿ ಏರಿಸಿದರು. ಅದು ಬೈರಪ್ಪ ಹೇಳಿದ್ದು. ಮಗ ಸರಿ ಎಂದ.

ಅಷ್ಟರಲ್ಲಿ ರಾಮಕ್ಕ ಹೆಣ್ಣು ಹೆತ್ತಳು, ಹಳೆಯ ಮನೆಯ ನಡುಮನೆಯಲ್ಲಿ. ಸೂಲಗಿತ್ತಿ ಬರುವಷ್ಟರಲ್ಲಿ ಭದ್ರಮ್ಮನೇ ಮಗುವನ್ನು ಹಿಡಿದಿದ್ದಳು. ಬಾಣಂತಿ ಅವಳ ಕೈಯ ಮೆಣಸಿನ ಸಾರು ಕುಡಿದಳು. ಮಾತು ಮಾತ್ರ ಎಷ್ಟು ಬೇಕೋ ಅ‌ಷ್ಟೇ. ಹೊಸಮನೆಗೆ ಯಾವಾಗ ತಿರುಗಿ ಹೋಗ್ತೀಯ ಎಂದು ವಸಂತಮ್ಮ ಕೇಳಿದಾಗ, “ಮೊದ್ಲು ನೀವು ಮನೆಯವರು ಅಲ್ಲಿ ಮಲಗಿ. ಆಮೇಲೆ ನೋಡಾನ,” ಎಂದಳು.

ದೀಪಾವಳಿ ಆಯಿತು. ಸ್ವಾತಿ ಮಳೆ ಶುರುವಾದ ಭಾನುವಾರ ಮಧ್ಯಾಹ್ನ ಮುನಿಯಣ್ಣ ಛತ್ರಿ ಹಿಡಿದುಕೊಂಡು ಬಂದ.

“ಭಾವ, ಆ ರೂಮಿಗೆ ಬ್ಯಾರೆ ಗಿರಾಕಿ ಬಂದವ್ರೆ. ಓನರು ಇವತ್ತೇ ಒಂದು ಮಾತು ಕೇಳ್ಕೊಂಡ್ ಬಾ ಅಂದ್ರು. ಬರ್ತೀರಾ, ಇಲ್ವಾ?”

ಕೃಷ್ಣಪ್ಪ ಹೊಸಮನೆಯೊಳಗೆ ಇದ್ದ. ಗಳುಗಳನ್ನು ತೆಗೆದಾಗಿತ್ತು. ಖಾಲಿ ಕೋಣೆಯ ನಡುವೆ ನಿಂತು ಗೋಡೆಗೆ ಕೈ ಇಟ್ಟಿದ್ದ. ಹೊರಗೆ ಮಳೆ ಓರೆಯಾಗಿ ಬಡಿಯುತ್ತಿತ್ತು. ಬಾಗಿಲಲ್ಲಿ ವಸಂತಮ್ಮ ಪುಟ್ಟಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಭದ್ರಮ್ಮ ಹಿಂದಿನ ಬಾಗಿಲಿನಿಂದ ತೊಯ್ದು ಒಳಗೆ ಬಂದಳು. ಹೊರಗೋಡೆಯ ಬುಡ ನೋಡಿಕೊಂಡು ಬಂದಿದ್ದಳು.

ಮುನಿಯಣ್ಣ ಮತ್ತೆ ಕೇಳಿದ: “ಏನಂತ ಹೇಳ್ಲಿ ಭಾವ?”

ಕೃಷ್ಣಪ್ಪ ತಾಯಿಯ ಕಡೆ ತಿರುಗಿದ.

“ಅಮ್ಮ,” ಎಂದ. “ನೋಡ್ದ್ಯಾ?”

ಭದ್ರಮ್ಮನಿಗೆ ತನ್ನನ್ನೇ ಕೇಳಿದ್ದು ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಪುಟ್ಟಿಯ ಕಡೆಗೂ ನೋಡಿದಳು; ಅವಳು ಬಾಯಲ್ಲಿ ಬೆರಳಿಟ್ಟುಕೊಂಡು ಮಳೆ ನೋಡುತ್ತಿದ್ದಳು.

“ನೋಡ್ದೆ.”

“ಹೆಂಗೈತೆ?”

“ಗಟ್ಟಿ ಐತೆ.”

“ಬರಬೌದಾ ನಾವು?”

ಬಾ ಎಂದರೆ ಮಗ ಉಳಿಯುತ್ತಾನೆ. ಆ ಒಂದು ಮಾತಿಗೆ ಅವಳು ಹುಬ್ಬೆ ಮಳೆಯಿಂದ ಕಾದಿದ್ದಳು. ಭದ್ರಮ್ಮ ತಲೆಯ ಮೇಲಿನ ಚಪ್ಪಡಿಗಳನ್ನು ಒಂದೊಂದಾಗಿ ನೋಡಿದಳು. ಸೆರಗಿನ ತುದಿಯನ್ನು ಹಿಂಡಿದಳು.

“ಬ್ಯಾಡ,” ಎಂದಳು. “ಈಗ ಬ್ಯಾಡ ಕಣಪ್ಪ. ಗಟ್ಟಿ ಐತೆ ಅಂತ ಅವತ್ತೂ ಅಂದಿದ್ದೆ. ಸ್ವಾತಿ ಮಳೆ ಪೂರ್ತಿ ಸುರೀಲಿ. ಅಷ್ಟರಗಂಟ ನೀನು ಲಗ್ಗೆರೇಲಿರು ಬೇಕಾದ್ರೆ. ಇದರ ಕೆಳಗೆ ಮಾತ್ರ ಮಲಗ್ಬ್ಯಾಡ.”

ಮುನಿಯಣ್ಣನ ಛತ್ರಿಯಿಂದ ಹೊಸ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು.

“ರೂಮು ಅವರಿಗೇ ಕೊಟ್ಬಿಡು ಅಂತ ಹೇಳು ಮುನಿಯಣ್ಣ,” ಎಂದ ಕೃಷ್ಣಪ್ಪ. “ನಾವು ಹಳೇ ಮನೇಲೇ ಇರ್ತೀವಿ. ಮಳೆ ನೋಡ್ತೀವಿ.”

“ಎಷ್ಟು ಮಳೆ?” ಎಂದಳು ವಸಂತಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ; ತಿಳಿದುಕೊಳ್ಳಬೇಕೆಂದು ಕೇಳಿದ್ದು.

“ಅಮ್ಮ ಸಾಕು ಅನ್ನೋಗಂಟ.”

ಎಲ್ಲರೂ ಸೂರಿನಿಂದ ಸೂರಿಗೆ ಹಾರುತ್ತಾ ಹಳೆಯ ಮನೆಗೆ ನಡೆದರು. ಕೃಷ್ಣಪ್ಪ ಕೊನೆಯವನು. ಹೊಸಮನೆಯ ಬಾಗಿಲನ್ನು ಎಳೆದುಕೊಳ್ಳಲು ಕೈ ಹಾಕಿದಾಗ ಜಗಲಿಯಿಂದ ಭದ್ರಮ್ಮ ಕೂಗಿದಳು:

“ಮುಚ್ಬ್ಯಾಡ ಕಣೋ. ತೆಗೆದೇ ಇರ್ಲಿ. ಒಳಗಿನ ಗೋಡೆ ಇಲ್ಲಿಗೆ ಕಾಣ್ತಾ ಇರ್ಲಿ.”